ಗುಲಾಬಿ ಹಾಡನ್ನು ಉದ್ದ ಮಾಡಿದ್ದು

ನಮ್ಮೂರಲ್ಲಿ ಇಡ್ಲಿ ಬೇಯುವುದಕ್ಕೆ ಮೂರು ಹಾಡು, ಗಡ್ಡ ಹೆರೆಸಿಕೊಳ್ಳುವುದಕ್ಕೆ ಎರಡು, ಶಾಲೆಯ ಒಂದು ಪಾಠಕ್ಕೆ ಎಂಟು, ಸೆರೆಮನೆಯಲ್ಲಿದ್ದವರನ್ನು ಕಂಡು ಬರುವುದಕ್ಕೆ ಒಂದೇ ಒಂದು. ಬೆಳಕು ಹರಿಯುತ್ತಿದ್ದಂತೆ ನಾವು ನಾಲ್ವರು ಚೌಕದ ಕಂಬದ ಕೆಳಗಿನ ಕಟ್ಟೆ ಹತ್ತಿ ಕೂರುತ್ತಿದ್ದೆವು. ಕಂಬದ ತುದಿಯ ಧ್ವನಿವರ್ಧಕಗಳು ನಮ್ಮ ಹಾಡನ್ನು ಗಿರಣಿಗೂ ಶಾಲೆಗೂ ಆಸ್ಪತ್ರೆಗೂ ಸೆರೆಮನೆಗೂ ಹಂಚುತ್ತಿದ್ದವು. ಪಲ್ಲವಿ, ಎರಡು ಚರಣ, ಮತ್ತೆ ಪಲ್ಲವಿ. ಆಮೇಲೆ ಆರ್ಗನ್ನಿನ ಕೊನೆಯ ಸ್ವರ, ಅದರ ಹಿಂದೆ ನನ್ನ ಮೂರು ಪೆಟ್ಟು. ಮೂರನೆಯ ಪೆಟ್ಟು ಬಿದ್ದಾಗ ಊರಲ್ಲಿ ಏನು ಮುಗಿಯಬೇಕೋ ಅದು ಮುಗಿಯುತ್ತಿತ್ತು, ಏನು ಶುರುವಾಗಬೇಕೋ ಅದು ಶುರುವಾಗುತ್ತಿತ್ತು. ನಡುವೆ ತಂತಿ ಕಡಿದೋ ಮಳೆ ಬಂದೋ ನಿಂತುಹೋದ ಹಾಡು ಹಾಡಲ್ಲ. ಅದನ್ನು ಮತ್ತೆ ಮೊದಲಿಂದ ನುಡಿಸಬೇಕು. ಕತ್ತಲಾದ ಮೇಲೆ ಕಂಬ ಸುಮ್ಮನಾಗುತ್ತಿತ್ತು. ಬೆಳಗಾಗುವ ತನಕ ಊರಿಗೆ ಹೊತ್ತು ಅನ್ನುವುದೇ ಇರುತ್ತಿರಲಿಲ್ಲ.

ನಾನು ಸಂಪಂಗಿ, ಡ್ರಮ್ಸ್ ಬಾರಿಸುವವನು. ಸುಮ್ಮನೆ ಕೂತರೆ ನನ್ನ ಕೈ ತಾನಾಗಿ ತೊಡೆ ಬಡಿಯುತ್ತದೆ, ಊಟದ ತಟ್ಟೆ ಬಡಿಯುತ್ತದೆ. ಅದಕ್ಕೇ ನಮ್ಮಮ್ಮ ನನ್ನನ್ನು ಕಂಬಕ್ಕೆ ಕಳಿಸಿದ್ದು. ಶೇಷಗಿರಿಯಪ್ಪನವರು ಬೇಸ್ ಗಿಟಾರ್ ನುಡಿಸುತ್ತಿದ್ದರು, ಹಾಡುತ್ತಿದ್ದವರೂ ಅವರೇ, ಮೇಳದ ಯಜಮಾನರೂ ಅವರೇ. ಅವರ ಅಪ್ಪ, ತಾತ ಅದೇ ಕಟ್ಟೆಯ ಮೇಲೆ ಅದೇ ಹಾಡುಗಳನ್ನು ಹಾಡಿದವರು. ಗಿಟಾರ್ ಐಸಾಕನದು. ತೆಳ್ಳಗಿನ ಉದ್ದ ಮನುಷ್ಯ, ಯಾವಾಗಲೂ ಹಸಿದವನ ಹಾಗೆ ಕಾಣುತ್ತಿದ್ದ. ಚರಣಗಳ ನಡುವೆ ಅವನಿಗೆ ಒಂದಿಷ್ಟು ಜಾಗ ಇರುತ್ತಿತ್ತು. ಬೆರಳು ಬಿಸಿಯಾಗುವಷ್ಟರಲ್ಲಿ ಅದು ಮುಗಿಯುತ್ತಿತ್ತು. "ಬಾಯಿಗೆ ತುತ್ತಿಟ್ಟು ಕಿತ್ತುಕೊಂಡ ಹಾಗೆ ಕಣೋ," ಅನ್ನುತ್ತಿದ್ದ. ಆರ್ಗನ್ ಗುಲಾಬಿಯದು. ಮಾತು ಕಡಿಮೆ. ನುಡಿಸುವಾಗ ಕೀಲಿಮಣೆ ನೋಡುತ್ತಿರಲಿಲ್ಲ, ಎದುರಿನ ಬೀದಿಯ ತುದಿಯನ್ನು ನೋಡುತ್ತಿದ್ದಳು. ಆ ಬೀದಿಯ ತುದಿಯಲ್ಲಿ ಸೆರೆಮನೆ ಇತ್ತು, ಸೆರೆಮನೆಯಲ್ಲಿ ಅವಳ ತಮ್ಮ ದಯಾನಂದ ಇದ್ದ.

ದಯಾನಂದ ಗಿರಣಿಯ ಬಾಗಿಲು ಕಾಯುತ್ತಿದ್ದವನು. ಒಂದು ದಿನ ಒಳಗೆ ಒಬ್ಬ ಹೆಂಗಸು ಉಸಿರು ಸಿಕ್ಕದೆ ಬಿದ್ದಳು. ಪಾಳಿಯ ಕೊನೆಯ ಹಾಡು ಎರಡನೆಯ ಚರಣದಲ್ಲಿತ್ತು. ಹಾಡು ಮುಗಿಯುವ ಮುಂಚೆಯೇ ಇವನು ಬಾಗಿಲು ತೆಗೆದು ಅವಳನ್ನು ಹೊರಗೆ ಹೊತ್ತು ತಂದ. ಅವಳ ಹಿಂದೆ ಇಡೀ ಪಾಳಿ ಹೊರಗೆ ಬಂತು. ಹೆಂಗಸು ಬದುಕಿದಳು. ದಯಾನಂದನಿಗೆ ಶಿಕ್ಷೆಯಾಯಿತು. ನಮ್ಮೂರಲ್ಲಿ ಅದಕ್ಕಿಂತ ದೊಡ್ಡ ತಪ್ಪು ಹೆಚ್ಚು ಇರಲಿಲ್ಲ.

ಅವನನ್ನು ನೋಡಲು ಶುಕ್ರವಾರ ಶುಕ್ರವಾರ ಹೋಗುತ್ತಿದ್ದವಳು ಅವನ ತಾಯಿ ಸಾಕಮ್ಮ. ಗುಲಾಬಿ ಹೋಗುವ ಹಾಗಿರಲಿಲ್ಲ. ಭೇಟಿಯ ಹಾಡು ನುಡಿಸುವವಳೇ ಅವಳು. ಸಾಕಮ್ಮನಿಗೆ ಹಿಂದೊಮ್ಮೆ ಲಕ್ವ ಹೊಡೆದು ಕೈಕಾಲು ಸರಿಹೋಗಿದ್ದರೂ ಮಾತು ನಿಧಾನವಾಗಿತ್ತು. ಒಂದು ಪದಕ್ಕೂ ಇನ್ನೊಂದು ಪದಕ್ಕೂ ನಡುವೆ ಆಕೆ ಬಾವಿಯಿಂದ ನೀರು ಸೇದುವವಳ ಹಾಗೆ ಕಾಯಬೇಕಿತ್ತು. ಆ ವರ್ಷ ದಯಾನಂದನ ಅಪ್ಪ ತೀರಿಕೊಂಡ. ಸಾಕಮ್ಮ ಶುಕ್ರವಾರ ಹೋದಳು. ಹಾಡು ಎರಡನೆಯ ಚರಣ ದಾಟಿದ ಮೇಲೆ ಮಗ ಕಂಬಿಯ ಆಚೆ ಬಂದು ನಿಂತು, "ಅಪ್ಪ ಹೇಗಿದಾನಮ್ಮ?" ಅಂದ. ಆಕೆ ಬಾಯಿ ತೆರೆದು "ನಿ... ನಿಮ್ಮಪ್ಪ..." ಅನ್ನುವಷ್ಟರಲ್ಲಿ ನನ್ನ ಮೂರು ಪೆಟ್ಟು ಬಿದ್ದವು. ಮುಂದಿನ ಶುಕ್ರವಾರವೂ ಹಾಗೇ. ಅದರ ಮುಂದಿನದೂ ಹಾಗೇ. ಬೇರೆ ಯಾರನ್ನಾದರೂ ಕಳಿಸೋಣ ಎಂದು ಗುಲಾಬಿ ಅಂದರೆ ಸಾಕಮ್ಮ ತಲೆ ಅಲ್ಲಾಡಿಸಿದಳು. ಅಪ್ಪ ಸತ್ತದ್ದನ್ನು ಮಗನಿಗೆ ಹೊರಗಿನವರು ಹೇಳಬಾರದು. ಅದು ಅವಳ ಹಟ.

ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆ ಶುಕ್ರವಾರ ನನಗೆ ಗೊತ್ತಾದದ್ದು ಇಷ್ಟೇ: ಎರಡನೆಯ ಚರಣ ಮುಗಿಯಿತು, ಶೇಷಗಿರಿಯಪ್ಪನವರು ಪಲ್ಲವಿಗೆ ಬಾಯಿ ತೆರೆದರು, ಆರ್ಗನ್ ಪಲ್ಲವಿಗೆ ಬರಲಿಲ್ಲ. ಗುಲಾಬಿಯ ಎಡಗೈ ಕೆಳಗಿನ ಒಂದು ಸ್ವರವನ್ನು ಒತ್ತಿ ಹಿಡಿದಿತ್ತು, ಬಲಗೈ ಯಾವುದೋ ದಾರಿ ಹುಡುಕುತ್ತಿತ್ತು. ಯಜಮಾನರು ಕಣ್ಣು ಕೆಂಪಗೆ ಮಾಡಿದರು. ಅವಳು ಅವರನ್ನು ನೋಡಲೇ ಇಲ್ಲ. ಹಾಡು ನಿಂತರೆ ಮೊದಲಿಂದ ನುಡಿಸಬೇಕಲ್ಲ ಎಂಬ ಭಯಕ್ಕೆ ನಾನು ತಾಳ ಬಿಡಲಿಲ್ಲ. ಐಸಾಕ ಒಂದು ಕ್ಷಣ ಕಿವಿಗೊಟ್ಟ, ಆಮೇಲೆ ಕಟ್ಟು ಬಿಚ್ಚಿದ ಕರುವಿನ ಹಾಗೆ ಅವಳ ಹಿಂದೆ ಓಡಿದ. ಎಲ್ಲಿಗೆ ಹೋಗುತ್ತಿದ್ದೇವೆ ಅಂತ ನಮಗೆ ಯಾರಿಗೂ ತಿಳಿಯದು. ಅವಳು ಒಂದು ತಿರುವು ತಗೊಂಡರೆ ಅವನು ಇನ್ನೊಂದು, ನಾನು ಇಬ್ಬರ ಹಿಂದೆ. ನಡುವೆ ತಾಳ ಬದಲಾಯಿತು. ಬದಲಾಯಿಸಿದವನು ನಾನೇ, ಆದರೆ ಬದಲಾಯಿಸಿದ ಮೇಲೆಯೇ ನನಗೆ ಅದು ಗೊತ್ತಾದದ್ದು. ನನ್ನ ಕೈಗೆ ಜೀವಮಾನದಲ್ಲಿ ಮೊದಲ ಸಲ ಹೊಟ್ಟೆ ತುಂಬುವಷ್ಟು ಕೆಲಸ ಸಿಕ್ಕಿತ್ತು.

ಊರಲ್ಲಿ ಏನೇನಾಯಿತೆಂದು ಸಂಜೆ ಎಲ್ಲರೂ ಬಂದು ಹೇಳಿದರು. ಸಲೂನಿನ ಈರಪ್ಪ ಮೂರನೇ ಪೆಟ್ಟು ಬೀಳದೆ ಕತ್ತರಿ ಕೆಳಗಿಡುವ ಹಾಗಿಲ್ಲವೆಂದು ಗಿರಾಕಿಯ ತಲೆ ಸವರುತ್ತಲೇ ಹೋಗಿ ಕೊನೆಗೆ ಬೋಳು ಮಾಡಿದ್ದ. ಮೇಷ್ಟರು ಪಾಠ ಮುಗಿದು, ಗಾದೆ ಮುಗಿದು, ಕೊನೆಗೆ ತಮ್ಮ ಮದುವೆಯ ಕಥೆಯನ್ನೇ ಮಕ್ಕಳಿಗೆ ಹೇಳಿದ್ದರು. ಹೋಟೆಲಿನ ಇಡ್ಲಿ ಎಸೆದರೆ ಗೋಡೆ ಬಿರಿಯುವ ಹಾಗಾಗಿತ್ತು. ನಾವು ಕೊನೆಗೂ ಪಲ್ಲವಿಗೆ ಬಂದು, ಪೆಟ್ಟು ಹಾಕಿ, ಬೆವರು ಒರೆಸಿಕೊಳ್ಳುತ್ತಿದ್ದಾಗ ಸಾಕಮ್ಮ ಬೀದಿಯ ತುದಿಯಿಂದ ನಡೆದು ಬಂದಳು. ಕಟ್ಟೆಯ ಕೆಳಗೆ ನಿಂತು ಮಗಳನ್ನು ನೋಡಿದಳು. "ಹೇ... ಳಿದೆ," ಅಂದಳು. ಗುಲಾಬಿ ಕೀಲಿಮಣೆಯ ಮೇಲೆ ಹಣೆ ಇಟ್ಟು ಅತ್ತಳು. ಒತ್ತಿದ ಕೀಲಿಗಳೆಲ್ಲ ಒಟ್ಟಿಗೇ ಕೂಗಿಕೊಂಡವು, ಊರಿಗೆಲ್ಲ ಕೇಳುವ ಹಾಗೆ.

ಕಂಬದ ಅಮಲ್ದಾರ ನಂಜರಾಜಯ್ಯ ಬಂದು ಏನಾಯಿತೆಂದು ಗದರಿಸಿ ಕೇಳಿದರೆ ಶೇಷಗಿರಿಯಪ್ಪನವರು, "ಆರ್ಗನ್ನಿನ ಕೀಲಿ ಸಿಕ್ಕಿಹಾಕಿಕೊಂಡಿತ್ತು ಸ್ವಾಮಿ," ಎಂದು ಸುಳ್ಳು ಹೇಳಿದರು. ಅವರು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಆದರೆ ಮುಂದಿನ ಶುಕ್ರವಾರದೊಳಗೆ ಸೆರೆಮನೆಗೆ ಹೋಗುವ ಹೆಂಗಸರೆಲ್ಲ ಕಟ್ಟೆಯ ಸುತ್ತ ನೆರೆದಿದ್ದರು. ಒಬ್ಬಳು ಅಂದಳು, "ನನ್ನ ಗಂಡ ನನ್ನ ಜೊತೆ ನಕ್ಕು ಎಷ್ಟು ಕಾಲವಾಗಿತ್ತು. ಮೊದಲಿನ ಚಿಕ್ಕ ಹಾಡಲ್ಲಿ ಅಳೋದೇ ಆಗ್ತಿತ್ತು. ಈ ಸಲ ಅಳು ಮುಗಿದ ಮೇಲೂ ಹೊತ್ತು ಇತ್ತು." ಹೀಗೆ ಶುಕ್ರವಾರದ ಒಂದು ಹಾಡು ಉದ್ದವಾಗುವುದು ರೂಢಿಯಾಯಿತು. ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಐಸಾಕನಿಗೆ ರುಚಿ ಹತ್ತಿತ್ತು. ಶನಿವಾರವೂ ಉದ್ದ ಮಾಡಿದ. ಯಜಮಾನರು ಬೈದರೆ, "ಜನ ನಿಂತು ಕೇಳ್ತಿದಾರೆ, ನೋಡಿ," ಅಂದ. ನಿಜವಾಗಿ ನಿಂತಿದ್ದರು. ಅಲ್ಲಿಯವರೆಗೆ ನಮ್ಮೂರಲ್ಲಿ ಹಾಡನ್ನು ಯಾರೂ ಕೇಳುತ್ತಿರಲಿಲ್ಲ, ಹಾಡು ಮುಗಿಯುವುದನ್ನು ಕೇಳುತ್ತಿದ್ದರು. ಈಗ ಮುಂದೇನಾಗುತ್ತದೆಂದು ಗೊತ್ತಿಲ್ಲದ್ದರಿಂದ ಕಿವಿ ನಿಮಿರಿತು. ಹರೆಯದವರು ಕೂದಲು ಬೆಳೆಸಿ ಚೌಕದಲ್ಲಿ ಬಿದ್ದುಕೊಂಡಿರತೊಡಗಿದರು. ಹಾಡಿಗೆ ಭಾಗಗಳು ಹುಟ್ಟಿಕೊಂಡವು: ಒಂದು ಮೆಲ್ಲಗಿನದು, ಒಂದು ಗಿರಣಿಯ ಸದ್ದಿನಂಥದು, ಒಂದರಲ್ಲಿ ಆರ್ಗನ್ ಮಾತ್ರ, ಒಂದರಲ್ಲಿ ನನ್ನ ಡ್ರಮ್ಸ್ ಮಾತ್ರ. ನಾನೊಬ್ಬನೇ ಬಾರಿಸುವಾಗ ಉಳಿದ ಮೂವರು ಕೈಕಟ್ಟಿ ಕೂರುತ್ತಿದ್ದರು. ಆ ಸುಖವನ್ನು ಹೇಗೆ ಹೇಳಲಿ? ಮೈಯೊಳಗೆ ಹುಟ್ಟಿದಾಗಿನಿಂದ ತುರಿಸುತ್ತಿದ್ದ ಜಾಗಕ್ಕೆ ಕೈ ಎಟುಕಿದ ಹಾಗೆ. ಊರೂ ಹೊಂದಿಕೊಂಡಿತು. ಈರಪ್ಪ ಒಂದೊಂದೇ ಕೂದಲು ಕತ್ತರಿಸುವುದನ್ನು ಕಲಿತ. ಹೋಟೆಲಿನವರು ಇಡ್ಲಿಯ ಬದಲು ದೊಡ್ಡ ಹಂಡೆಯಲ್ಲಿ ಸಣ್ಣ ಉರಿಯಲ್ಲಿ ಹುರುಳಿಕಾಳು ಬೇಯಿಸತೊಡಗಿದರು. ಪಾಳಿ ಉದ್ದವಾಯಿತೆಂದು ಗಿರಣಿಯ ಮಾಲೀಕರು ಹಿಗ್ಗಿದರು. ಕೆಲಸಗಾರರು ಗೊಣಗಿದರು, ಆಮೇಲೆ ಕೈ ನಿಧಾನ ಮಾಡಿಕೊಂಡರು, ಬಟ್ಟೆ ಮೊದಲಿನಷ್ಟೇ ಬಂತು. ಆದರೂ ಯಾರಿಗೂ ನೆಮ್ಮದಿ ಇರಲಿಲ್ಲ. ನಡೆಯುವವರು ನಡುಬೀದಿಯಲ್ಲಿ ನಿಂತು ಕಂಬದ ಕಡೆ ನೋಡುತ್ತಿದ್ದರು, ಹಸೆಮಣೆಯ ಮೇಲಿನ ಮದುಮಗ ತಾಳಿ ಹಿಡಿದ ಕೈ ಅಲುಗಿಸಿ ಅಲುಗಿಸಿ ನೋವು ಕಳೆದುಕೊಳ್ಳುತ್ತಿದ್ದ. ಎಲ್ಲರೂ ಒಂದು ಕಾಲು ಎತ್ತಿಕೊಂಡೇ ಬದುಕುತ್ತಿದ್ದ ಹಾಗಿತ್ತು.

ಒಂದು ಶುಕ್ರವಾರ ಸಾಕಮ್ಮ ಸೆರೆಮನೆಯಿಂದ ಬಂದವಳು ಕಟ್ಟೆಯ ಮೆಟ್ಟಿಲು ಹತ್ತಿದಳು. ಹಿಂದೆ ಯಾವತ್ತೂ ಹತ್ತಿದವಳಲ್ಲ. ಮಗಳ ಭುಜ ಹಿಡಿದುಕೊಂಡು ಹೇಳಿದ ಮಾತು ಪೂರ್ತಿಯಾಗುವ ತನಕ ನಾವೆಲ್ಲ ಕಾದೆವು. "ದಯಾ... ಹೇಳ್ದ. ಹಾಡು... ಚಿಕ್ಕದು... ಮಾಡಬೇಕಂತೆ."

ನಮ್ಮೂರಲ್ಲಿ ಶಿಕ್ಷೆ ಕೂಡ ಹಾಡಿನ ಲೆಕ್ಕದಲ್ಲೇ. ಇಷ್ಟು ಸಾವಿರ ಹಾಡು ಎಂದು ನ್ಯಾಯಾಧೀಶರು ಹೇಳುತ್ತಾರೆ, ಅಷ್ಟು ಹಾಡು ಮುಗಿದರೆ ಬಾಗಿಲು ತೆರೆಯುತ್ತದೆ. ಇದು ಊರಿನ ಕೂಸಿಗೂ ಗೊತ್ತಿದ್ದ ವಿಷಯ, ನಮಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ. ಮೊದಲು ದಿನಕ್ಕೆ ನೂರಾರು ಹಾಡು ಕಳೆಯುತ್ತಿದ್ದವು. ಈಗ ಬೆಳಗಿಂದ ಸಂಜೆಯವರೆಗೆ ಬೆರಳೆಣಿಕೆಯಷ್ಟು. ಕಳೆದ ದೀಪಾವಳಿಗೆ ಮನೆಯಲ್ಲಿರಬೇಕಾಗಿದ್ದ ದಯಾನಂದ ಇನ್ನೂ ಒಳಗೇ ಇದ್ದ. ಗುಲಾಬಿ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವನನ್ನು ಅಷ್ಟು ಹೊತ್ತು ಒಳಗಿಟ್ಟದ್ದು ಅವಳದೇ ಬೆರಳುಗಳು.

ಅವಳು ಐಸಾಕನ ಕಡೆ ತಿರುಗಿದಳು. "ಇನ್ನು ಮೇಲೆ ಹಳೇ ಹಾಗೆ ನುಡಿಸೋಣ. ಶುಕ್ರವಾರದ್ದು ಬಿಟ್ಟು."

"ಹಳೇ ಹಾಗೆ?" ಐಸಾಕ ತಂತಿಗಳನ್ನು ಅಂಗೈಯಿಂದ ಮುಚ್ಚಿದ. "ಬಾಗಿಲು ತೆಗೆದವಳು ನೀನು. ಈಗ ಒಳಗೆ ಹೋಗು ಅಂದರೆ ಹೋಗಕ್ಕಾಗುತ್ತಾ?"

"ನನ್ನ ತಮ್ಮ ಒಳಗಿದಾನೆ."

"ನಾನೂ ಒಳಗೇ ಇದ್ದೆ ಗುಲಾಬಿ. ಹದಿನಾರನೇ ವಯಸ್ಸಿಂದ ಇದೇ ಕಟ್ಟೆ ಮೇಲೆ."

ಶೇಷಗಿರಿಯಪ್ಪನವರು ಗುಲಾಬಿಯ ಕಡೆ ನಿಂತರು, ನಾನೂ ಹೂಂ ಅಂದೆ. ಮಾರನೆಯ ಬೆಳಗ್ಗೆ ಹಳೆಯ ಹಾಡುಗಳನ್ನೇ ನುಡಿಸಿದೆವು. ಈರಪ್ಪನ ಗಿರಾಕಿಗಳು ಅರ್ಧ ಗಡ್ಡದಲ್ಲಿ ಎದ್ದು ಬಂದರು. ಹುರುಳಿಕಾಳು ಬೇಯಲಿಲ್ಲ. ಚೌಕದಲ್ಲಿ ಮಲಗಿದ್ದ ಹರೆಯದವರು ಎದ್ದು ನಿಂತು, ಮೂರನೇ ಪೆಟ್ಟು ಯಾರಿಗೂ ಕೇಳದ ಹಾಗೆ ಒಂದೇ ಸಮ ಚಪ್ಪಾಳೆ ತಟ್ಟಿದರು. ಮಧ್ಯಾಹ್ನಕ್ಕೆ ಅಮಲ್ದಾರ ನಂಜರಾಜಯ್ಯನೇ ಬಂದ. ಮೊದಲು ಗದರಿಸಿದ್ದವನು ಈಗ ಬೇರೆ ರಾಗ ಎಳೆದ: "ಊರಿನವರು ಒಗ್ಗಿಕೊಂಡಿದಾರೆ ಯಜಮಾನ್ರೇ. ಮತ್ತೆ ಕೆಡಿಸಬೇಡಿ." ಸಂಜೆಯೊಳಗೆ ಹಾಡು ಮತ್ತೆ ಉದ್ದವಾಗಿತ್ತು. ಗುಲಾಬಿ ಅಂದಿನಿಂದ ಬೀದಿಯ ತುದಿ ನೋಡುವುದನ್ನು ಬಿಟ್ಟಳು. ತಲೆ ತಗ್ಗಿಸಿ, ತನ್ನ ಭಾಗ ಎಷ್ಟು ಬೇಗ ಮುಗಿದೀತೋ ಅಷ್ಟು ಬೇಗ ಮುಗಿಸಿ ಕೈ ಎತ್ತುತ್ತಿದ್ದಳು. ಅವಳು ಉಳಿಸಿದ್ದನ್ನೆಲ್ಲ ಐಸಾಕ ಖರ್ಚು ಮಾಡುತ್ತಿದ್ದ.

ಹಾಗೇ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದವು. ಐಸಾಕ ಆ ಹೊತ್ತಿಗೆ ಒಂದು ದೊಡ್ಡ ಹಾಡು ಕಟ್ಟಿದ್ದ. ಬೆಟ್ಟದಲ್ಲಿ ಹುಟ್ಟಿದ ನೀರು ಸಮುದ್ರ ಸೇರುವವರೆಗಿನ ಹಾಡು. ಬೆಳಕು ಹರಿದಾಗ ಶುರುವಾದರೆ ಇಡೀ ಹಗಲು ಬೇಕು. ಕೊನೆಯಲ್ಲಿ ನನ್ನ ಡ್ರಮ್ಸ್ ಒಂಟಿಯಾಗಿ, ಅದರ ಹಿಂದೆ ಅವನ ಗಿಟಾರಿನ ಸಮುದ್ರ. ಆ ಸಮುದ್ರವನ್ನು ಅವನು ನಮಗೂ ಪೂರ್ತಿ ನುಡಿಸಿ ತೋರಿಸಿರಲಿಲ್ಲ. ಸುತ್ತಲ ಹಳ್ಳಿಗಳಿಂದೆಲ್ಲ ಜನ ಬುತ್ತಿ ಕಟ್ಟಿಕೊಂಡು ಅದನ್ನು ನುಡಿಸುವ ಹಿಂದಿನ ದಿನವೇ ಬಂದಿಳಿದರು. ಅದೇ ದಿನ ಸೆರೆಮನೆಯಿಂದ ಹೇಳಿಕಳಿಸಿದರು: ದಯಾನಂದನದು ಇನ್ನೊಂದು ಹಾಡು ಬಾಕಿ. ನಾಳೆಯ ಮೊದಲ ಹಾಡು ಮುಗಿದರೆ ಕರೆದುಕೊಂಡು ಹೋಗಬಹುದು.

ಗುಲಾಬಿ ಐಸಾಕನ ಮನೆಗೆ ಹೋದಳು. ನಾನೂ ಜೊತೆಗೆ ಹೋದೆ. "ನಾಳೆ ಬೆಳಗ್ಗೆ ಒಂದು ಚಿಕ್ಕದು ನುಡಿಸಿ ಆಮೇಲೆ ನಿನ್ನದು ಶುರು ಮಾಡೋಣ," ಅಂದಳು.

"ಆಗಲ್ಲ. ಬೆಳಕಿಂದ ಶುರುವಾಗದಿದ್ದರೆ ಕತ್ತಲಾಗೋದರೊಳಗೆ ಮುಗಿಯಲ್ಲ." ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. "ಹೇಗಿದ್ದರೂ ಸಂಜೆ ಮುಗಿಯುತ್ತಲ್ಲ. ಇಷ್ಟು ವರ್ಷ ಕಾದವನು ಒಂದು ಹಗಲು ಕಾಯ್ತಾನೆ."

"ಮುಗಿಯದಿದ್ದರೆ?"

ಅವನು ಗಿಟಾರಿನ ತಂತಿ ಬಿಗಿಮಾಡತೊಡಗಿದ.

ಬೆಳಕು ಹರಿಯಿತು, ನೀರು ಹುಟ್ಟಿತು. ಸುಳ್ಳು ಯಾಕೆ ಹೇಳಲಿ, ಅಂಥ ಹಾಡನ್ನು ನಾವು ಅದಕ್ಕೆ ಮೊದಲು ನುಡಿಸಿರಲಿಲ್ಲ, ಆಮೇಲೂ ನುಡಿಸಿಲ್ಲ. ಶೇಷಗಿರಿಯಪ್ಪನವರ ಹಳೆಯ ಗಂಟಲು ಕೂಡ ಅವತ್ತು ಎಲ್ಲೆಲ್ಲಿಗೋ ಹೋಗಿ ಬಂತು. ಚೌಕದಲ್ಲಿ ಎಳ್ಳು ಬಿದ್ದರೆ ನೆಲಕ್ಕೆ ಸೇರದಷ್ಟು ಜನ. ಹೊತ್ತು ನೆತ್ತಿಗೇರಿತು, ಇಳಿಯಿತು. ಐಸಾಕ ಕಟ್ಟಿದ್ದಕ್ಕಿಂತ ಹೆಚ್ಚು ನುಡಿಸುತ್ತಿದ್ದ. ಒಂದು ಸುತ್ತು ಅಂದದ್ದು ಮೂರು ಸುತ್ತಾಗುತ್ತಿತ್ತು, ಜನ ತಲೆದೂಗಿದರೆ ನಾಲ್ಕು. ಗುಲಾಬಿ ಆ ದಿನ ಮತ್ತೆ ಬೀದಿಯ ತುದಿ ನೋಡುತ್ತಿದ್ದಳು. ಅಲ್ಲಿ, ಸೆರೆಮನೆಯ ಬಾಗಿಲ ಮುಂದೆ, ಸಾಕಮ್ಮ ಬೆಳಗಿನಿಂದ ನಿಂತಿದ್ದಳು. ಕಟ್ಟೆಯ ಮೇಲಿಂದ ಅವಳ ಸೀರೆಯ ಬಣ್ಣ ಮಾತ್ರ ಕಾಣುತ್ತಿತ್ತು. ಬಿಸಿಲು ಕೆಂಪಾಗುತ್ತ ಬಂದ ಹಾಗೆ ಆ ಬಣ್ಣ ಮಾಸುತ್ತ ಬಂತು. ಹಾಡು ಕತ್ತಲೆಗೆ ಸಿಕ್ಕಿ ನಿಂತರೆ ಅದು ಹಾಡಲ್ಲ. ನಾಳೆ ಮತ್ತೆ ಮೊದಲಿಂದ. ನಾಳೆಯೂ ಐಸಾಕ ಇದನ್ನೇ ನುಡಿಸುತ್ತಾನೆ.

ನನ್ನ ಸರದಿ ಬಂತು. ಮೂವರೂ ಕೈ ತೆಗೆದರು. ಊರೆಲ್ಲ ನನ್ನೊಬ್ಬನ ಕೈಯಲ್ಲಿತ್ತು. ನಾನು ನೀರನ್ನು ಬಂಡೆಗಳ ಮೇಲೆ ಓಡಿಸಿದೆ, ಮಡುವಿನಲ್ಲಿ ಸುತ್ತಿಸಿದೆ. ಕೊನೆಯಲ್ಲಿ ಒಂದು ದೊಡ್ಡ ಅಲೆ ಎಬ್ಬಿಸಿ ಐಸಾಕನಿಗೆ ಕೊಡಬೇಕಿತ್ತು. ಅವನು ಗಿಟಾರ್ ಹೊಟ್ಟೆಗೆ ಅವುಚಿಕೊಂಡು ಕಾಯುತ್ತಿದ್ದ. ಆ ಸಮುದ್ರ ಎಷ್ಟು ದೊಡ್ಡದೋ ನನಗೆ ಗೊತ್ತಿರಲಿಲ್ಲ. ಪಡುವಣದಲ್ಲಿ ಉಳಿದಿದ್ದ ಬೆಳಕು ಮಾತ್ರ ಗೊತ್ತಿತ್ತು. ನಾನು ಅಲೆ ಎಬ್ಬಿಸಲಿಲ್ಲ. ಕೈ ಸಣ್ಣ ಮಾಡಿದೆ, ಇನ್ನೂ ಸಣ್ಣ ಮಾಡಿದೆ, ಹಳೆಯ ಪಲ್ಲವಿಯ ಬಡ ತಾಳಕ್ಕೆ ಬಂದು ನಿಂತೆ.

ಗುಲಾಬಿಗೆ ತಕ್ಷಣ ತಿಳಿಯಿತು. ಅವಳ ಕೈ ಕೀಲಿಗಳ ಮೇಲೆ ಬಿತ್ತು. ಶೇಷಗಿರಿಯಪ್ಪನವರು ಕಣ್ಣು ಮುಚ್ಚಿ ಪಲ್ಲವಿ ಎತ್ತಿಕೊಂಡರು. ಐಸಾಕ ನನ್ನ ಕಡೆ ನೋಡಿದ. ಸಿಟ್ಟಲ್ಲ, ನಿದ್ದೆಯಿಂದ ಯಾರೋ ಅಲುಗಿಸಿ ಎಬ್ಬಿಸಿದವನ ನೋಟ. ಅವನು ಮನಸ್ಸು ಮಾಡಿದ್ದರೆ ನಮ್ಮ ಮೂವರನ್ನೂ ಮುಳುಗಿಸಿ ನುಡಿಸಬಹುದಿತ್ತು, ಅವನ ಗಿಟಾರಿಗೆ ಆ ಶಕ್ತಿ ಇತ್ತು. ಜನ ಅದನ್ನೇ ಕಾಯುತ್ತಿದ್ದರು, ಮುಂದಿನವರು ಎದ್ದು ನಿಂತಿದ್ದರು. ಪಲ್ಲವಿಯ ಮೊದಲ ಸಾಲು ಅವನಿಲ್ಲದೆ ಮುಗಿಯಿತು. ಎರಡನೆಯ ಸಾಲಿಗೆ ಅವನು ಗುಲಾಬಿಯ ಬೆನ್ನು ನೋಡಿದ, ಅವಳು ನೋಡುತ್ತಿದ್ದ ಕಡೆ ನೋಡಿದ, ಬೆರಳು ತಂತಿಯ ಮೇಲಿಟ್ಟ, ಹದಿನಾರನೇ ವಯಸ್ಸಿನಲ್ಲಿ ಕಲಿತದ್ದನ್ನು ಒಂದು ಸ್ವರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ನುಡಿಸಿದ. ಆರ್ಗನ್ನಿನ ಕೊನೆಯ ಸ್ವರ. ನಾನು ಮೂರು ಪೆಟ್ಟು ಹಾಕಿದೆ.

ಜನ ಕೂಗಾಡಿದರು, ಒಂದೆರಡು ಚಪ್ಪಲಿಯೂ ಬಿದ್ದವು. ಗುಲಾಬಿ ಯಾವುದನ್ನೂ ಕೇಳಿಸಿಕೊಳ್ಳದೆ ಕಟ್ಟೆಯಿಂದಿಳಿದು ಗುಂಪಿನೊಳಗೆ ದಾರಿ ಮಾಡಿಕೊಂಡು ಓಡಿದಳು. ಬೀದಿಯ ತುದಿಯಲ್ಲಿ ಬಾಗಿಲು ತೆರೆದದ್ದು ನನಗೆ ಕಾಣಲಿಲ್ಲ, ಅಷ್ಟರಲ್ಲಿ ಮಬ್ಬು ಕವಿದಿತ್ತು. ಐಸಾಕ ಗಿಟಾರನ್ನು ಚೀಲಕ್ಕೆ ಹಾಕುತ್ತ, "ಸಮುದ್ರ ಉಳೀತು," ಅಂದ. ನಾನು ಏನೋ ಹೇಳಹೋದೆ. "ನನಗೆ ಗೊತ್ತು ಬಿಡು," ಅಂದ.

ಮಾರನೆಯ ದಿನ ಅವನು ಕಂಬಕ್ಕೆ ಬರಲಿಲ್ಲ. ಊರಾಚೆ ಬತ್ತಿದ ಕೆರೆಯ ಅಂಗಳದಲ್ಲಿ ಕೂತು ನುಡಿಸುತ್ತಿದ್ದಾನೆಂದು ಸುದ್ದಿ ಬಂತು. ಅಲ್ಲಿ ಧ್ವನಿವರ್ಧಕ ಇರಲಿಲ್ಲ. ಅವನು ನುಡಿಸಿದ್ದಕ್ಕೆ ಊರಲ್ಲಿ ಯಾವ ಬಾಗಿಲೂ ತೆರೆಯುತ್ತಿರಲಿಲ್ಲ, ಮುಚ್ಚುತ್ತಿರಲಿಲ್ಲ. ಕೂದಲು ಬೆಳೆಸಿದ ಹರೆಯದವರೆಲ್ಲ ಅವನ ಹಿಂದೆ ಹೋದರು. ಅಮಲ್ದಾರ ತಡೆಯಲು ನೋಡಿದ. ಆದರೆ ಯಾವುದಕ್ಕೂ ಲೆಕ್ಕವಿಲ್ಲದ ಹಾಡಿಗೆ ಯಾವ ಕಾನೂನು ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ. ನಾವು ಮೂವರು ಕಂಬದಲ್ಲಿ ಹಳೆಯ ಹಾಡುಗಳನ್ನು ಹಿಡಿದೆವು. ಉದ್ದ ಮಾಡುವವನೇ ಇಲ್ಲವಾದ್ದರಿಂದ ಊರು ಗೊಣಗುತ್ತಲೇ ಅದಕ್ಕೆ ಮತ್ತೆ ಹೊಂದಿಕೊಂಡಿತು. ಶುಕ್ರವಾರದ ಒಂದನ್ನು ಮಾತ್ರ ಉದ್ದವಾಗಿಯೇ ಇಟ್ಟೆವು, ಅದನ್ನು ಯಾರೂ ಆಕ್ಷೇಪಿಸಲಿಲ್ಲ. ನನ್ನ ಕೈ ಮತ್ತೆ ಊಟದ ತಟ್ಟೆ ಬಡಿಯತೊಡಗಿತು.

ಕಂಬಕ್ಕೂ ರಜೆಯಿದ್ದ ಒಂದು ಹಬ್ಬದ ದಿನ ಗುಲಾಬಿ ನನ್ನನ್ನೂ ಕರೆದಳು. ಅವಳು, ಸಾಕಮ್ಮ, ದಯಾನಂದ, ನಾನು ಕೆರೆಯ ಅಂಗಳಕ್ಕೆ ಹೋದೆವು. ದಯಾನಂದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಣಗಿದ ಕೆಸರಿನ ಮೇಲೆ ಕೂತ. ಐಸಾಕ ನಮ್ಮನ್ನು ಕಂಡ, ಕಂಡ ಹಾಗೆ ತೋರಿಸಿಕೊಳ್ಳಲಿಲ್ಲ. ಅವತ್ತು ಅವನು ಸಮುದ್ರ ನುಡಿಸಿದ. ಅದು ಎಷ್ಟು ಹೊತ್ತು ನಡೆಯಿತೋ ನಾನು ಹೇಳಲಾರೆ, ಅಲ್ಲಿ ಅಳೆಯುವುದಕ್ಕೆ ಏನೂ ಇರಲಿಲ್ಲ. ಕೊನೆಗೆ ಅದು ತಾನಾಗಿ ದಡಕ್ಕೆ ಬಂದು ಸುಮ್ಮನಾಯಿತು. ಯಾರೂ ಏಳಲಿಲ್ಲ. ದಯಾನಂದ ಒಬ್ಬ ಮಾತ್ರ ಎದ್ದ. ಪಾದ ಜೋಡಿಸಿ, ಕೈ ಬೆನ್ನ ಹಿಂದೆ ಕಟ್ಟಿ, ನೇರ ನೋಡುತ್ತ ನಿಂತ. ಒಳಗೆ ಪ್ರತಿ ಹಾಡು ಮುಗಿದಾಗಲೂ ತಲೆ ಎಣಿಸಲು ಹಾಗೆ ನಿಲ್ಲಿಸುತ್ತಿದ್ದರಂತೆ. ಕೂತಿದ್ದ ಜನ ಅವನನ್ನು ನೋಡಿದರು. ಗುಲಾಬಿ ಏಳಹೋದಳು. ಸಾಕಮ್ಮ ಮಗನ ಪಂಚೆಯ ಅಂಚು ಹಿಡಿದು ಎಳೆದಳು. "ಕೂ... ತ್ಕೋ," ಅಂದಳು. "ಎ... ಣಿಸೋರು ಇಲ್ಲ... ಇಲ್ಲಿ."

ಅವನು ಕೂತ. ಐಸಾಕ ತಂತಿಗಳನ್ನು ಶ್ರುತಿ ಮಾಡುತ್ತ, ತಲೆ ಎತ್ತದೆ, "ಸಂಪಂಗಿ, ಹಿಂದೆ ಒಂದು ಖಾಲಿ ಡಬ್ಬ ಇದೆ ನೋಡು, ತಗೊಂಡು ಬಾ," ಅಂದ.